ಬಾಣಂತನ ಎಲ್ಲಿ ಎಂದು ಕೇಳತೊಡಗಿದ ಮೇಲೆ

ವರ್ಷದ ಕೊನೆಗೆ ನಮ್ಮಿಂದ ಕೇಳುವ ಅಂಕಿ ಒಂದೇ: ಎಷ್ಟು ನವಜಾತ ಶಿಶುಗಳಿಗೆ ಕಿವಿ ತಪಾಸಣೆ ಆಯಿತು? ದಾವಣಗೆರೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್ ಆಗಿರುವ ನಾನು ಆ ಅಂಕಿ ತುಂಬಿ ಕಳಿಸುತ್ತಿದ್ದೆ. ನೋಡುವುದಕ್ಕೆ ಅದು ಚೆನ್ನಾಗಿಯೇ ಇರುತ್ತಿತ್ತು. ಆದರೆ ಆ ನಮೂನೆಯಲ್ಲಿ ಜಾಗವೇ ಇಲ್ಲದ ಇನ್ನೊಂದು ಪ್ರಶ್ನೆ ನನ್ನನ್ನು ಬಿಡುತ್ತಿರಲಿಲ್ಲ. ಮೊದಲ ತಪಾಸಣೆಯಲ್ಲಿ ರೆಫರ್ (ಪಾಸಾಗಲಿಲ್ಲ, ಮತ್ತೆ ನೋಡಬೇಕು) ಎಂದು ಬಂದ ಮಕ್ಕಳು ಆಮೇಲೆ ಏನಾದವು? ಮತ್ತೆ ಬಂದವೆಷ್ಟು, ಬಾರದವೆಷ್ಟು, ಬಾರದವು ಈಗ ಯಾವ ಊರಲ್ಲಿವೆ? ಒಂದು ಮಳೆಗಾಲದಲ್ಲಿ, ಓಪಿಡಿಗೆ ಜನ ಕಡಿಮೆಯಾಗಿದ್ದಾಗ, ಹಳೆಯ ರಿಜಿಸ್ಟರುಗಳನ್ನೆಲ್ಲ ಬೀರುವಿನಿಂದ ಕೆಳಗಿಳಿಸಿ ಲೆಕ್ಕ ತೆಗೆಯಲು ಕೂತೆ. ಅಲ್ಲಿಂದ ಶುರುವಾದ ಕೆಲಸ ಇದು. ಬೇರೆ ಊರುಗಳಲ್ಲಿ ಇದೇ ಕೆಲಸ ಮಾಡುವವರಿಗೂ, ಹೊಸದಾಗಿ ಅಪ್ಪ ಅಮ್ಮ ಆದವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಶಾಶ್ವತವಾದ ಶ್ರವಣದೋಷ ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ತೀವ್ರ ನಿಗಾ ಘಟಕದಲ್ಲಿದ್ದು ಬಂದ ಮಕ್ಕಳಲ್ಲಿ ಇದು ಹಲವು ಪಟ್ಟು ಹೆಚ್ಚು. ಈ ದೋಷ ಕಣ್ಣಿಗೆ ಕಾಣುವಂಥದ್ದಲ್ಲ. ಮಗು ಅಳುತ್ತದೆ, ನಗುತ್ತದೆ, ಮೊದಲ ತಿಂಗಳುಗಳಲ್ಲಿ ಎಲ್ಲ ಮಕ್ಕಳ ಹಾಗೆ ಊಂ ಆಂ ಎಂದು ದನಿಯನ್ನೂ ಮಾಡುತ್ತದೆ. ಮನೆಯವರಿಗೆ ಅನುಮಾನ ಬರುವ ಹೊತ್ತಿಗೆ ಒಂದೂವರೆ ಎರಡು ವರ್ಷ ಕಳೆದಿರುತ್ತದೆ. ಅನುಮಾನ ಬಂದರೂ "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಎಂದು ಹಿರಿಯರು ಇನ್ನೊಂದು ವರ್ಷ ತಳ್ಳಿಬಿಡುತ್ತಾರೆ. ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ-ಇಟಾನೊ ಮತ್ತು ಸಂಗಡಿಗರು ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. 6 ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದ ಮಕ್ಕಳ ಭಾಷೆಗಿಂತ ಎಷ್ಟೋ ಮುಂದಿತ್ತು. ಇವತ್ತು ಎಲ್ಲರೂ ಹೇಳುವ 1-3-6 ಎಂಬ ಗುರಿಗೆ ಇಂಥ ಅಧ್ಯಯನಗಳೇ ಬಲ: 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ.

ಇದಕ್ಕೆ ಅಳತೆಗೋಲುಗಳೂ ಇವೆ. ಶಿಶು ಶ್ರವಣ ಕುರಿತ ಅಮೆರಿಕದ ಜಂಟಿ ಸಮಿತಿ 2007ರಲ್ಲಿ ಕೊಟ್ಟ ಗುರಿಗಳ ಪ್ರಕಾರ, ಹುಟ್ಟಿದ ಮಕ್ಕಳಲ್ಲಿ ಶೇ. 95ಕ್ಕಿಂತ ಹೆಚ್ಚು ಮಕ್ಕಳಿಗೆ ಒಂದು ತಿಂಗಳೊಳಗೆ ತಪಾಸಣೆ ಆಗಬೇಕು. ತಪಾಸಣೆಯ ಹಂತಗಳೆಲ್ಲ ಮುಗಿದ ಮೇಲೆ ಖಚಿತ ಪರೀಕ್ಷೆಗೆ ಕಳಿಸಬೇಕಾದವರು ಶೇ. 4ಕ್ಕಿಂತ ಕಡಿಮೆ ಇರಬೇಕು. ಹಾಗೆ ಕಳಿಸಿದವರಲ್ಲಿ ಶೇ. 90 ಮಕ್ಕಳಿಗೆ ಮೂರು ತಿಂಗಳೊಳಗೆ ಪರೀಕ್ಷೆ ಮುಗಿದಿರಬೇಕು. ಮೂರೂ ಒಟ್ಟಿಗೆ ಕೂಡಿ ಬಂದರೆ ಮಾತ್ರ ಕಾರ್ಯಕ್ರಮ ನಡೆಯುತ್ತಿದೆ ಎಂದರ್ಥ. ನಮ್ಮಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದೆರಡನ್ನು ಯಾರೂ ಕೇಳುವುದಿಲ್ಲ.

ಮೊದಲು ಹೆರಿಗೆ ಕೋಣೆಯ ರಿಜಿಸ್ಟರನ್ನೂ ನಮ್ಮ ತಪಾಸಣೆಯ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ಹೆಸರಿಗೆ ಹೆಸರು ಹೊಂದಿಸಲು ಕೂತೆವು. ನನ್ನ ಜೊತೆ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರಿದ್ದರು. ಹುಟ್ಟಿದ ಮಗುವಿಗೆ ಹೆಸರಿರುವುದಿಲ್ಲ, ತಾಯಿಯ ಹೆಸರಿನ ಹಿಂದೆ ಬೇಬಿ ಆಫ್ ಎಂದು ಬರೆಯುತ್ತಾರೆ. ಒಂದೇ ವಾರದಲ್ಲಿ ಮೂರು ಜನ ಲಕ್ಷ್ಮಿ, ನಾಲ್ಕು ಜನ ರೇಣುಕಾ ಇದ್ದರೆ ಯಾವ ಮಗು ಯಾವುದು? ಅವಳಿ ಮಕ್ಕಳಾದರೆ ಒಂದು ಮಗುವಿನ ಫಲಿತಾಂಶ ಎರಡಕ್ಕೂ ಬಿದ್ದಿರುತ್ತದೆ. ನಿಗಾ ಘಟಕಕ್ಕೆ ಹೋಗಿ ಬಂದ ಮಗು ಎರಡು ಕಡೆ ಎಣಿಕೆಯಾಗಿರುತ್ತದೆ, ಇಲ್ಲವೆ ಎರಡೂ ಕಡೆ ತಪ್ಪಿಹೋಗಿರುತ್ತದೆ. ಆಮೇಲೆ ನಾವು ಹೆಸರಿನ ಮೇಲಿನ ಭರವಸೆ ಬಿಟ್ಟು ತಾಯಿ ಕಾರ್ಡಿನ ನಂಬರನ್ನೇ ಗಟ್ಟಿಯಾಗಿ ಹಿಡಿದೆವು. ಆ ನಂಬರು ಊರು ಬದಲಾದರೂ ಬದಲಾಗುವುದಿಲ್ಲ, ಲಸಿಕೆಯ ಲೆಕ್ಕದಲ್ಲೂ ಅದೇ ಇರುತ್ತದೆ.

ಹೊಂದಿಸಿ ನೋಡಿದಾಗ ತಪಾಸಣೆ ತಪ್ಪಿದ ಮಕ್ಕಳಲ್ಲಿ ಒಂದು ಕ್ರಮ ಎದ್ದು ಕಂಡಿತು. ಸಿಸೇರಿಯನ್ ಆದ ತಾಯಂದಿರು ಹಲವು ದಿನ ಇರುತ್ತಾರೆ, ಅವರ ಮಕ್ಕಳಿಗೆ ತಪಾಸಣೆ ತಪ್ಪುವುದೇ ಇಲ್ಲ. ತಪ್ಪಿದವರೆಲ್ಲ ಹೆಚ್ಚುಕಡಿಮೆ ನಾರ್ಮಲ್ ಹೆರಿಗೆಯವರು, ಅದರಲ್ಲೂ ಶನಿವಾರ ಹೆತ್ತು ಸೋಮವಾರ ಬೆಳಗಾಗುವುದರೊಳಗೆ ಮನೆಗೆ ಹೊರಟವರು. ಭಾನುವಾರ ತಪಾಸಣೆ ಇರಲಿಲ್ಲ. ಹಬ್ಬದ ರಜೆಗಳಲ್ಲೂ ಹಾಗೆಯೇ. ಇದಕ್ಕೆ ದೊಡ್ಡ ಉಪಾಯವೇನೂ ಬೇಕಾಗಲಿಲ್ಲ. ವಾರ್ಡಿನ ಇಬ್ಬರು ಸಿಸ್ಟರುಗಳಿಗೆ ಯಂತ್ರ ಕಲಿಸಿ ಭಾನುವಾರದ ಪಾಳಿ ಹಂಚಿದೆವು, ಡಿಸ್ಚಾರ್ಜ್ ಕಾರ್ಡಿನಲ್ಲಿ ಕಿವಿ ತಪಾಸಣೆಯ ಸೀಲು ಬಿದ್ದ ಮೇಲೇ ಫೈಲು ಮುಂದೆ ಹೋಗುವ ಹಾಗೆ ಮಾಡಿದೆವು.

ರೆಫರ್ ಪ್ರಮಾಣದ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಅದು ಇರಬೇಕಾದ್ದಕ್ಕಿಂತ ತುಂಬಾ ಮೇಲಿತ್ತು. ಯಾಕೆ ಎಂದು ಹೇಳಲು ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಒಳಕಿವಿಯಲ್ಲಿ ಹೊರ ಕೇಶಕೋಶಗಳೆಂಬ ಸೂಕ್ಷ್ಮ ಕೋಶಗಳಿವೆ. ಶಬ್ದ ಬಿದ್ದಾಗ ಅವು ತಾವೂ ಅಲುಗಾಡಿ ಬಹಳ ಕ್ಷೀಣವಾದ ಒಂದು ದನಿಯನ್ನು ಹೊರಕ್ಕೆ ಕಳಿಸುತ್ತವೆ. ಬಾವಿಯೊಳಗೆ ಕೂಗಿದರೆ ದನಿ ಮರಳಿ ಬಂದಂತೆ. ಇದನ್ನು ಮೊದಲು ಅಳೆದು ತೋರಿಸಿದವರು ಬ್ರಿಟನ್ನಿನ ಡೇವಿಡ್ ಕೆಂಪ್, 1978ರಲ್ಲಿ. ಈಗ ನಾವು ಮಗುವಿನ ಕಿವಿಗೆ ಪುಟ್ಟ ಪ್ರೋಬ್ ಇಟ್ಟು ಹಿಡಿಯುವುದು ಆ ದನಿಯನ್ನೇ. ಓಎಇ ಪರೀಕ್ಷೆ ಎಂದರೆ ಅದು. ಅಷ್ಟು ಕ್ಷೀಣವಾದ ದನಿ ಸಿಗಬೇಕಾದರೆ ಕಿವಿಯ ದಾರಿ ತೆರವಾಗಿರಬೇಕು, ಸುತ್ತ ಸದ್ದಿರಬಾರದು, ಮಗು ಅಳಬಾರದು, ಚೀಪಬಾರದು.

ನಮ್ಮ ಯಂತ್ರ ಪ್ರತಿ ಪರೀಕ್ಷೆಯ ಹೊತ್ತನ್ನು ನೆನಪಿಟ್ಟುಕೊಳ್ಳುತ್ತದೆ. ಅದನ್ನು ಕಂಪ್ಯೂಟರಿಗೆ ಇಳಿಸಿ, ಹೆರಿಗೆ ರಿಜಿಸ್ಟರಿನ ಜನನ ಸಮಯದ ಜೊತೆ ಇಟ್ಟು ನೋಡಿದೆ. ರೆಫರ್ ಬಂದವುಗಳಲ್ಲಿ ಬಹಳಷ್ಟು ಮಕ್ಕಳು ಇನ್ನೂ ಒಂದು ದಿನವೂ ತುಂಬದವು. ಹುಟ್ಟಿದ ಮೊದಲ 24 ತಾಸುಗಳಲ್ಲಿ ಕಿವಿಯ ದಾರಿಯಲ್ಲಿ ಬಿಳಿಯ ಜಿಡ್ಡು ತುಂಬಿಕೊಂಡಿರುತ್ತದೆ, ನಡುಗಿವಿಯಲ್ಲಿ ದ್ರವ ಉಳಿದಿರುತ್ತದೆ. ಒಳಕಿವಿ ಚೆನ್ನಾಗಿದ್ದರೂ ದನಿ ಹೊರಬರುವುದಿಲ್ಲ. ಹಾಗಾಗಿ ತಪಾಸಣೆಯನ್ನು ಆದಷ್ಟು ಎರಡನೆಯ ದಿನಕ್ಕೆ, ಡಿಸ್ಚಾರ್ಜಿಗೆ ಮುಂಚಿನ ಹೊತ್ತಿಗೆ ಸರಿಸಿದೆವು.

ಆಮೇಲೆ ಸದ್ದು. ಹೆರಿಗೆ ವಾರ್ಡು ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಮೇಲೆ ಫ್ಯಾನು, ಬಾಗಿಲಲ್ಲಿ ಊಟದ ಟ್ರಾಲಿ, ಒಬ್ಬ ಬಾಣಂತಿಗೆ ನಾಲ್ಕು ಜನ ನೋಡಲು ಬಂದವರು. ಮಂಚದ ಬಳಿಯೇ ಪರೀಕ್ಷೆ ಮಾಡುತ್ತಿದ್ದುದನ್ನು ನಿಲ್ಲಿಸಿ, ಬಟ್ಟೆ ಇಡುತ್ತಿದ್ದ ಒಳಕೋಣೆಯೊಂದನ್ನು ಕೇಳಿ ಪಡೆದೆವು. ಸುತ್ತ ಪೇರಿಸಿಟ್ಟ ಹಾಸಿಗೆ ಬಟ್ಟೆ, ಕಂಬಳಿಗಳಿಂದ ಆ ಕೋಣೆಯಲ್ಲಿ ಸದ್ದು ತಾನಾಗಿ ತಗ್ಗಿರುತ್ತಿತ್ತು. ಮಧ್ಯಾಹ್ನ ನೋಡಲು ಬಂದವರು ಹೋದ ಮೇಲೆ, ಹಾಲು ಕುಡಿದ ಮಗುವನ್ನು ಬಿಗಿಯಾಗಿ ಸುತ್ತಿ ಅಲ್ಲಿಗೆ ತರುತ್ತೇವೆ.

ಕಲಿಸುವಾಗ ನಾನು ಹೆಚ್ಚು ಹೊತ್ತು ಕೊಟ್ಟದ್ದು ಕೈಕೆಲಸಕ್ಕೆ. ಕಿವಿಯ ಹಾಲೆಯನ್ನು ಮೆಲ್ಲಗೆ ಕೆಳಕ್ಕೂ ಹಿಂದಕ್ಕೂ ಎಳೆಯಬೇಕು, ಆಗ ನವಜಾತ ಶಿಶುವಿನ ಕಿವಿಯ ದಾರಿ ತೆರೆಯುತ್ತದೆ. ದೊಡ್ಡವರ ಕಿವಿಯ ಹಾಗೆ ಮೇಲಕ್ಕೆ ಎಳೆದರೆ ಮುಚ್ಚಿಕೊಳ್ಳುತ್ತದೆ. ಟಿಪ್ ಕಿವಿಗೆ ತಕ್ಕ ಅಳತೆಯದ್ದಾಗಿ, ಕೈ ಬಿಟ್ಟರೂ ತಾನಾಗಿ ನಿಲ್ಲುವಂತಿರಬೇಕು. ಕೈಯಲ್ಲಿ ಒತ್ತಿ ಹಿಡಿದರೆ ಬೆರಳಿನ ಸದ್ದೇ ಒಳಗೆ ಹೋಗುತ್ತದೆ. ಪ್ರತಿ ಮಗುವಿನ ನಂತರ ಪ್ರೋಬಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು, ಸೂಜಿಮೊನೆಯಷ್ಟು ಜಿಡ್ಡು ಸಿಕ್ಕಿಕೊಂಡಿದ್ದರೂ ಮುಂದಿನ ಮಕ್ಕಳಿಗೆಲ್ಲ ರೆಫರ್ ಬರುತ್ತಾ ಹೋಗುತ್ತದೆ. ಒಂದೇ ದಿನ ಸಾಲಾಗಿ ರೆಫರ್ ಬಂದರೆ ಮಕ್ಕಳನ್ನು ಅನುಮಾನಿಸುವ ಮೊದಲು ಪ್ರೋಬನ್ನು ಅನುಮಾನಿಸಿ ಎಂದು ಸಿಸ್ಟರುಗಳಿಗೆ ಹೇಳಿದ್ದೇನೆ. ದಿನಾ ಬೆಳಿಗ್ಗೆ ಎರಡು ಪರೀಕ್ಷೆ ಕಡ್ಡಾಯ. ಪ್ರೋಬನ್ನು ಯಂತ್ರದ ಜೊತೆ ಬರುವ ಪರೀಕ್ಷಾ ಕುಳಿಯಲ್ಲಿಟ್ಟು ನೋಡುವುದು ಒಂದು. ಅಲ್ಲಿ ಕಿವಿಯೇ ಇಲ್ಲದ್ದರಿಂದ ಪಾಸ್ ಬರಲೇಬಾರದು. ಕೇಳಿಸುವ ಕಿವಿಯಲ್ಲಿಟ್ಟು ನೋಡುವುದು ಇನ್ನೊಂದು. ಅಲ್ಲಿ ಪಾಸ್ ಬರಲೇಬೇಕು. ಎರಡನ್ನೂ ರಿಜಿಸ್ಟರಿನ ಮೊದಲ ಸಾಲಿನಲ್ಲಿ ಬರೆದು ಸಹಿ ಹಾಕಿದ ಮೇಲೇ ಮೊದಲ ಮಗು.

ಇಷ್ಟೆಲ್ಲ ಆದ ಮೇಲೆ ರೆಫರ್ ಪ್ರಮಾಣ ಇಳಿಯಿತು. ಇಳಿದದ್ದು ಸಂತೋಷವೇ, ಆದರೆ ಒಬ್ಬ ಕಲಿಕೆಯ ಹುಡುಗಿಯ ಪಾಳಿಯಲ್ಲಿ ಅದು ಸೊನ್ನೆಗೆ ಹತ್ತಿರ ಬಂದಾಗ ಮತ್ತೆ ಯಂತ್ರದ ನೆನಪನ್ನು ಇಳಿಸಿ ನೋಡಿದೆ. ಒಂದೇ ಕಿವಿಗೆ ಏಳೆಂಟು ಸಲ ಪರೀಕ್ಷೆ ನಡೆದಿತ್ತು. ಪಾಸ್ ಬರುವ ತನಕ ಬಿಡಬಾರದು ಎಂಬ ಶ್ರದ್ಧೆ ಅವಳದ್ದು. ಅವಳಿಗೆ ಕೂತು ವಿವರಿಸಿದೆ: ಎಷ್ಟು ಹೆಚ್ಚು ಸಲ ಮಾಡುತ್ತೀವೋ ಅಷ್ಟು ಕಾಕತಾಳೀಯವಾಗಿ ಪಾಸ್ ಬರುವ ಸಂಭವ ಹೆಚ್ಚುತ್ತದೆ, ನಿಜವಾಗಿ ಕೇಳಿಸದ ಮಗು ಆ ಕಿಂಡಿಯಲ್ಲಿ ದಾಟಿಹೋಗುತ್ತದೆ. ರೆಫರ್ ಬಂದು ಮತ್ತೆ ನೋಡಿದಾಗ ಪಾಸಾಗುವ ಮಗುವಿನಿಂದ ನಷ್ಟವೆಂದರೆ ಒಂದು ಬಸ್ ಚಾರ್ಜು ಮತ್ತು ಕೆಲವು ವಾರದ ಆತಂಕ. ಸುಳ್ಳು ಪಾಸ್ ಪಡೆದ ಮಗುವನ್ನು ಆಮೇಲೆ ಯಾರೂ ಹುಡುಕುವುದಿಲ್ಲ. ಸರಿಯಾಗಿ ಕೂರಿಸಿ, ಒಂದು ಕೂರಿಕೆಯಲ್ಲಿ ಒಂದು ಕಿವಿಗೆ ಎರಡೇ ಸಲ ಎಂಬ ನಿಯಮ ಅಂದಿನಿಂದ ಗೋಡೆಯ ಮೇಲಿದೆ. ಮತ್ತೆ ಬಂದಾಗ ಒಂದು ಕಿವಿ ಮೊದಲೇ ಪಾಸಾಗಿದ್ದರೂ ಎರಡೂ ಕಿವಿ ನೋಡುತ್ತೇವೆ.

ನಿಗಾ ಘಟಕದ ಮಕ್ಕಳ ವಿಷಯ ಬೇರೆ. ಓಎಇ ಒಳಕಿವಿಯ ತನಕದ ಸಮಾಚಾರ ಮಾತ್ರ ಹೇಳುತ್ತದೆ, ಅಲ್ಲಿಂದ ಮಿದುಳಿಗೆ ಹೋಗುವ ನರದ ಸಮಾಚಾರ ಹೇಳುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ, ಉಸಿರು ಕಟ್ಟಿದ್ದ, ಕಾಮಾಲೆ ಏರಿ ರಕ್ತ ಬದಲಾಯಿಸಬೇಕಾಗಿ ಬಂದ ಮಕ್ಕಳಲ್ಲಿ ಒಳಕಿವಿ ಸರಿಯಿದ್ದು ನರದ ಹಾದಿಯಲ್ಲಿ ತೊಂದರೆ ಇರಬಹುದು. ಅಂಥ ಮಗು ಓಎಇಯಲ್ಲಿ ಪಾಸಾಗಿಬಿಡುತ್ತದೆ. ಆದ್ದರಿಂದ ಐದು ದಿನಕ್ಕಿಂತ ಹೆಚ್ಚು ನಿಗಾ ಘಟಕದಲ್ಲಿದ್ದ ಮಕ್ಕಳಿಗೆ ನರದ ಉತ್ತರವನ್ನೂ ಹಿಡಿಯುವ ಎಬಿಆರ್ ವಿಧಾನದ ತಪಾಸಣೆಯೇ ಆಗಬೇಕು. ಡಿಸ್ಚಾರ್ಜ್ ಬರೆಯುವ ಡಾಕ್ಟರರಿಗೆ ಇದನ್ನು ಹೇಳಿದಾಗ ಅವರೇ ಫೈಲಿನ ಮೇಲೆ ಹಳದಿ ಚೀಟಿ ಅಂಟಿಸುವ ಪದ್ಧತಿ ತಂದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವಾರ್ಡಿನೊಳಗಿನ ಇದೆಲ್ಲ ನಮ್ಮ ಕೈಯಲ್ಲಿತ್ತು. ರೆಫರ್ ಬಂದ ಮಗು ಗೇಟು ದಾಟಿದ ಮೇಲೆ ಏನು ಎಂಬ ಮೊದಲಿನ ಪ್ರಶ್ನೆಗೆ ಇದರಿಂದ ಉತ್ತರ ಸಿಗಲಿಲ್ಲ. ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನು ಮಾಡಲು ಶುರು ಮಾಡಿದೆ. ಹೆಚ್ಚಿನ ನಂಬರುಗಳು ಗಂಡನವು. "ನಾನು ಬೆಂಗ್ಳೂರಾಗೆ ಇದೀನ್ರಿ ಮೇಡಂ, ಗಾರೆ ಕೆಲ್ಸಕ್ಕೆ ಬಂದೀನಿ. ಅವ್ರ ಮನೇಲಿ ಹೇಳ್ತೀನಿ ಬಿಡ್ರಿ" ಎನ್ನುತ್ತಿದ್ದರು. ಹೇಳುತ್ತಿದ್ದರೋ ಇಲ್ಲವೋ, ಮಗು ಮಾತ್ರ ಬರುತ್ತಿರಲಿಲ್ಲ. ವಿಳಾಸ ನೋಡಿ ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿಸಿದರೆ ಉತ್ತರ ಒಂದೇ: "ಅವ್ರು ಇಲ್ಲಿಲ್ರೀ ಮೇಡಂ, ತವರಿಗೆ ಹೋಗ್ಯಾರೆ. ಐದು ತಿಂಗ್ಳು ತುಂಬಿದ ಮೇಲೇ ಬರೋದು."

ಇಂಥ ಫೋನುಗಳು ಸಾಕಷ್ಟು ಆದ ಮೇಲೆ ಮೇಜಿನ ಮೇಲಿದ್ದ ತಾಯಿ ಕಾರ್ಡುಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ನಮ್ಮ ಕಡೆ ಹೆರಿಗೆಗೆ, ಅದರಲ್ಲೂ ಚೊಚ್ಚಲ ಹೆರಿಗೆಗೆ, ಹುಡುಗಿ ತವರಿಗೆ ಹೋಗುತ್ತಾಳೆ. ಕಾರ್ಡು ಆಗಿರುವುದು ಗಂಡನ ಊರಲ್ಲಿ, ಹೊನ್ನಾಳಿ ಕಡೆ ಎನ್ನೋಣ. ತವರು ಜಗಳೂರು ಕಡೆ. ಹೆರಿಗೆ ದಾವಣಗೆರೆಯಲ್ಲಿ. ಬಾಣಂತನ ಮೂರು ತಿಂಗಳು, ಐದು ತಿಂಗಳು. ಅಂದರೆ 1-3-6ರ ಒಂದನೆಯ ತಿಂಗಳೂ ಮೂರನೆಯ ತಿಂಗಳೂ ಪೂರಾ ತವರಿನಲ್ಲೇ ಕಳೆಯುತ್ತವೆ, ನಾವು ಹುಡುಕುತ್ತಿದ್ದದ್ದು ಗಂಡನ ಮನೆಯಲ್ಲಿ. ತವರು ಹೊಳಲ್ಕೆರೆಯೋ ಹರಪನಹಳ್ಳಿಯೋ ಆದರೆ ಜಿಲ್ಲೆಯೇ ಬದಲಾಗುತ್ತದೆ. ಅಲ್ಲಿನ ಆಶಾಳಿಗೆ ಈ ಮಗುವಿನ ಕಿವಿಯ ವಿಷಯ ಗೊತ್ತಿರುವ ದಾರಿಯೇ ಇಲ್ಲ.

ರಿಜಿಸ್ಟರಿಗೆ ಒಂದು ಹೊಸ ಕಾಲಂ ಹಾಕಿದೆವು: ಬಾಣಂತನ ಎಲ್ಲಿ? ಊರು, ಆ ಊರಿನ ಆಶಾಳ ಹೆಸರು, ಅಲ್ಲಿ ಮನೆಯಲ್ಲಿ ಯಾವಾಗಲೂ ಇರುವ ಒಬ್ಬರ ಫೋನು. ಅಣ್ಣನದಾಗಲಿ, ಚಿಕ್ಕಪ್ಪನದಾಗಲಿ, ಪಕ್ಕದ ಅಂಗಡಿಯವರದಾಗಲಿ ನಡೆಯುತ್ತದೆ. ನಂಬರು ಬರೆದುಕೊಂಡು ಸುಮ್ಮನಾಗದೆ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡುತ್ತೇವೆ. ನಾವು ಮಾಡಿದ ಅಷ್ಟೂ ಬದಲಾವಣೆಗಳಲ್ಲಿ ಈ ಕಾಲಮ್ಮಿನಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ. ಯಾವ ಮಾರ್ಗಸೂಚಿಯಲ್ಲೂ ನಾನು ಇದನ್ನು ಓದಿರಲಿಲ್ಲ.

ಎಲ್ಲಿದ್ದಾರೆಂದು ಗೊತ್ತಾದ ಮೇಲೂ ಬಾಣಂತಿಯನ್ನು ಮನೆಯಿಂದ ಹೊರಡಿಸುವುದು ಸುಲಭವಿಲ್ಲ. ಗಾಳಿ ಸೋಕುತ್ತದೆ, ಮಗುವಿಗೆ ದೃಷ್ಟಿಯಾಗುತ್ತದೆ, ಅಮಾವಾಸ್ಯೆ ಕಳೆಯಲಿ ಎನ್ನುತ್ತಾರೆ. ಆದರೆ ಒಂದಕ್ಕೆ ಮಾತ್ರ ಎಲ್ಲರೂ ಹೊರಡುತ್ತಾರೆ, ಒಂದೂವರೆ ತಿಂಗಳ ಚುಚ್ಚುಮದ್ದಿಗೆ. ಗುರುವಾರ ಮಗುವನ್ನು ಹೊದಿಸಿಕೊಂಡು ಕೇಂದ್ರಕ್ಕೆ ಬರುವ ಬಾಣಂತಿಯ ಕೈಯಲ್ಲಿ ತಾಯಿ ಕಾರ್ಡು ಇರುತ್ತದೆ. ರೆಫರ್ ಬಂದ ಮಕ್ಕಳ ಕಾರ್ಡಿನಲ್ಲಿ ಲಸಿಕೆಯ ಪುಟದ ಮೇಲೆಯೇ, ಆರನೆಯ ವಾರದ ಸಾಲಿನ ಪಕ್ಕದಲ್ಲಿ, ಕಿವಿ ಮರುತಪಾಸಣೆಯ ಕೆಂಪು ಸೀಲು ಒತ್ತುತ್ತೇವೆ. ಚುಚ್ಚುಮದ್ದು ಹಾಕುವ ಸಿಸ್ಟರ್ ಕಣ್ಣಿಗೆ ಅದು ಬೀಳದೆ ಇರುವುದಿಲ್ಲ. ಹತ್ತಿರದವರನ್ನು ತಿಂಗಳು ತುಂಬುವುದರೊಳಗೇ ಕರೆಸುತ್ತೇವೆ. ದೂರದವರಿಗೆ ಒಂದೂವರೆ ತಿಂಗಳು ಎಂದರೆ ಗುರಿಗಿಂತ ಎರಡು ವಾರ ತಡ ಎಂಬುದು ನಿಜ, ಆದರೂ ಮೂರು ತಿಂಗಳ ಗಡುವಿನೊಳಗೆ ಖಚಿತ ಪರೀಕ್ಷೆ ಮುಗಿಸಲು ಸಮಯ ಉಳಿಯುತ್ತದೆ. ಬಾರದೇ ಹೋಗುವ ಮಗುವಿಗಿಂತ ಎರಡು ವಾರ ತಡವಾಗಿ ಬರುವ ಮಗು ಎಷ್ಟೋ ಮೇಲು ಎಂಬುದು ನನ್ನ ತೀರ್ಮಾನ.

ಮನೆಯವರಿಗೆ ಏನು ಹೇಳುತ್ತೇವೆ, ಯಾರಿಗೆ ಹೇಳುತ್ತೇವೆ ಎಂಬುದನ್ನೂ ಗಟ್ಟಿ ಮಾಡಬೇಕಾಯಿತು. ಸಿಸ್ಟರುಗಳು ಕರುಣೆಯಿಂದ "ಏನಿಲ್ಲಮ್ಮ, ಸುಮ್ನೆ ಇನ್ನೊಂದ್ಸಲ ನೋಡ್ತಾರೆ" ಎನ್ನುತ್ತಿದ್ದರು. ಏನಿಲ್ಲ ಅಂದ ಮೇಲೆ ಐವತ್ತು ಮೈಲಿ ಯಾರು ಬರುತ್ತಾರೆ? ಹೆದರಿಸಿದರೆ ಇನ್ನೊಂದು ತೊಂದರೆ, ಬಾಣಂತಿಯ ಹಾಲೇ ಬತ್ತಿದ ಹಾಗಾಗುತ್ತದೆ, ಮನೆಯವರು ಅವಳ ಮೇಲೆಯೇ ತಪ್ಪು ಹೊರಿಸುತ್ತಾರೆ. ಈಗ ಎಲ್ಲರೂ ಹೇಳುವುದು ಹೀಗೆ: "ಇವತ್ತು ಮಗುವಿನ ಕಿವಿಯಿಂದ ಉತ್ತರ ಸಿಗಲಿಲ್ಲ. ಕಿವಿಯಲ್ಲಿ ಜಿಡ್ಡು ಇದ್ರೂ ಹೀಗಾಗುತ್ತೆ, ಕೇಳಿಸದೆ ಇದ್ರೂ ಹೀಗಾಗುತ್ತೆ. ಯಾವುದು ಅಂತ ತಿಳಿಯೋಕೆ ಮತ್ತೆ ನೋಡಲೇಬೇಕು." ಇದನ್ನು ತಾಯಿಗೆ ಹೇಳಿ, ಪಕ್ಕದಲ್ಲಿರುವ ತವರಿನ ಅಜ್ಜಿಗೂ ಹೇಳುತ್ತೇವೆ. ಬಾಣಂತಿ ಯಾವತ್ತು ಹೊಸಲು ದಾಟಬೇಕೆಂದು ತೀರ್ಮಾನಿಸುವವರು ಅವರು. ಅಜ್ಜಿ ಒಪ್ಪಿದರೆ ಮಗು ಬಂದೇ ಬರುತ್ತದೆ. ಅವರಿಗೆ ಇನ್ನೊಂದು ಮಾತೂ ಹೇಳಿ ಕಳಿಸುತ್ತೇವೆ: ಬರುವ ತನಕ ಮಗುವಿನ ಕಿವಿಗೆ ಎಣ್ಣೆ ಬಿಡಬೇಡಿ. ನೀರು ಹಾಕುವವರು ಕಿವಿಗೆ ಎಣ್ಣೆ ಹನಿಸುವ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಎಣ್ಣೆ ತುಂಬಿದ ಕಿವಿಗೆ ಪ್ರೋಬ್ ಇಟ್ಟರೆ ಮತ್ತೆ ರೆಫರ್, ಕೆಲವು ಸಲ ಪ್ರೋಬೂ ಕೆಟ್ಟು ಕೂರುತ್ತದೆ.

ಜಗಳೂರು ಕಡೆಯ ಒಂದು ಹಳ್ಳಿಯ ಹೆಣ್ಣುಮಗು ನೆನಪಾಗುತ್ತಿದೆ. ಅಪ್ಪ ಅಮ್ಮ ಸೋದರಮಾವ, ಅಕ್ಕನ ಮಗಳು. ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ನಮ್ಮ ಸೀಮೆಯಲ್ಲಿ ಇಂಥ ಮದುವೆ ಅಪರೂಪವಲ್ಲ. ಎರಡೂ ಕಿವಿ ರೆಫರ್. ಮನೆಯವರು ಬರಲಿಲ್ಲ. ಹೊಸ ಕಾಲಮ್ಮಿನಿಂದ ತವರಿನ ಆಶಾ ಸಿಕ್ಕಳು, ಅವಳು ಮನೆಗೆ ಹೋಗಿ ಅಲ್ಲಿಂದಲೇ ಫೋನು ಹಚ್ಚಿ ಅಜ್ಜಿಗೆ ಕೊಟ್ಟಳು. "ತಟ್ಟೆ ಬಡ್ದು ನೋಡೀವ್ರೀ ಮೇಡಂ, ಬೆಚ್ಚಿ ಬೀಳ್ತೈತಿ. ಕಿವಿಗೇನೂ ಆಗಿಲ್ಲ ಅದ್ಕೆ" ಎಂದರು ಅವರು. ಹತ್ತಿರದಲ್ಲಿ ತಟ್ಟೆ ಬಡಿದರೆ ಆ ಸದ್ದು ಮಾತಿನ ಸದ್ದಿಗಿಂತ ಎಷ್ಟೋ ಜೋರು. ಸಾಕಷ್ಟು ದೋಷವಿರುವ ಮಗುವೂ ಬೆಚ್ಚಬಹುದು, ಕೈ ಬೀಸಿದ್ದು ಕಂಡೂ ಬೆಚ್ಚಬಹುದು. "ಅಜ್ಜೀ, ತಟ್ಟೆ ಸದ್ದು ಕೇಳಿದ್ರೆ ಸಾಲದು, ನೀವು ಜೋಗುಳ ಹಾಡಿದ್ದು ಕೇಳಬೇಕು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಮುಂದಿನ ವಾರ ಬಂದರು.

ಮರುತಪಾಸಣೆಯಲ್ಲೂ ರೆಫರ್ ಬಂದು ಖಚಿತ ಪರೀಕ್ಷೆಗೆ, ಅಂದರೆ ಬೆರಾ ಪರೀಕ್ಷೆಗೆ, ದಿನ ಕೊಟ್ಟೆವು. ಬೆರಾಗೆ ಮಗು ನಿದ್ದೆಯಲ್ಲಿರಬೇಕು. ತಲೆಗೆ, ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಬೇರೆ ಬೇರೆ ಮಟ್ಟದ ಸದ್ದು ಕೊಟ್ಟು, ನರದಲ್ಲಿ ಏಳುವ ಅಲೆಗಳನ್ನು ನೋಡಬೇಕು. ಎರಡೂ ಕಿವಿ ಮುಗಿಯಲು ಬಹಳ ಹೊತ್ತು ಹಿಡಿಯುತ್ತದೆ. ಹಳ್ಳಿಯಿಂದ ಬರುವ ಮಕ್ಕಳೆಲ್ಲ ಬಸ್ಸಿನ ಕುಲುಕಿಗೆ ದಾರಿಯುದ್ದಕ್ಕೂ ಸುಖವಾಗಿ ನಿದ್ದೆ ಮಾಡಿ, ನಮ್ಮ ಬಾಗಿಲಿಗೆ ಬಂದ ಕೂಡಲೇ ಕಣ್ಣು ಬಿಡುತ್ತವೆ. ಎಷ್ಟೋ ಪರೀಕ್ಷೆಗಳು ಅರ್ಧಕ್ಕೇ ನಿಂತು ಮನೆಯವರು ಬೇಸತ್ತು ಹೋದದ್ದು ಇದರಿಂದಲೇ. ಈಗ ದಿನ ಕೊಡುವಾಗಲೇ ಹೇಳುತ್ತೇವೆ: ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ, ಅಂಗಾಲು ಕಚಗುಳಿಯಿಟ್ಟು ಎಬ್ಬಿಸುತ್ತಾ ಬನ್ನಿ, ತಲೆಗೆ ಎಣ್ಣೆ ಹಚ್ಚಬೇಡಿ. ಇಲ್ಲಿಗೆ ಬಂದ ಮೇಲೆ ಮೊದಲು ಎಲೆಕ್ಟ್ರೋಡ್ ಅಂಟಿಸಿ, ಆಮೇಲೆ ಹಾಲು ಕುಡಿಸಿ, ಅಮ್ಮನ ತೊಡೆಯ ಮೇಲೆಯೇ ಮಲಗಿಸುತ್ತೇವೆ. ಈ ಅಜ್ಜಿ ದಾರಿಯುದ್ದಕ್ಕೂ ಮಗುವಿನ ಮುಖಕ್ಕೆ ಒದ್ದೆ ಬಟ್ಟೆ ಒತ್ತುತ್ತಾ ಬಂದಿದ್ದರು. ಮಗು ಹಾಲು ಕುಡಿದು ಮಲಗಿದ್ದು ಪರೀಕ್ಷೆ ಮುಗಿಯುವ ತನಕ ಏಳಲಿಲ್ಲ.

ಎರಡೂ ಕಿವಿಯಲ್ಲಿ ತೀವ್ರ ದೋಷ ಖಚಿತವಾಯಿತು. ಮೂರು ತಿಂಗಳು ಇನ್ನೂ ತುಂಬಿರಲಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದಾಗಿನಿಂದ ಹುಟ್ಟುಕಿವುಡು ಅದರ ಪಟ್ಟಿಯಲ್ಲಿದೆ, ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು ಅದರ ಅಡಿಯಲ್ಲೇ ಬಂದವು. ಅಲ್ಲಿಗೆ ಹೆಸರು ಬರೆಸಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಕಾಗದ ಕೊಟ್ಟೆವು. 1965ರಲ್ಲಿ ಶುರುವಾದ ಆ ಸಂಸ್ಥೆ ನಮ್ಮ ರಾಜ್ಯದಲ್ಲಿರುವುದು ನಮ್ಮ ಮಕ್ಕಳ ಭಾಗ್ಯ ಎಂದೇ ನಾನು ನಂಬಿದ್ದೇನೆ. ಆರು ತಿಂಗಳಾಗುವ ಮುಂಚೆ ಮಗುವಿನ ಎರಡೂ ಕಿವಿಗೆ ಶ್ರವಣಸಾಧನ ಬಂತು. ಅದರಿಂದ ಸಾಕಷ್ಟು ಫಲ ಸಿಗದಿದ್ದರೆ ಮುಂದೆ ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್. ರಾಜ್ಯ ಸರ್ಕಾರದ ಶ್ರವಣ ಸಂಜೀವಿನಿ ಯೋಜನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಅದು ಉಚಿತ. ಆದರೆ ಆರು ವರ್ಷ ಎಂಬುದು ಅರ್ಜಿಯ ಮಿತಿ ಮಾತ್ರ, ಆ ತನಕ ಕಾಯಬಹುದೆಂದು ಯಾವ ತಂದೆತಾಯಿಯೂ ತಿಳಿಯಬಾರದು. ವರ್ಷದ ಆಸುಪಾಸಿನಲ್ಲಿ ಆದಷ್ಟೂ ಒಳ್ಳೆಯದು.

ಪಾಸಾದ ಮಕ್ಕಳಿಗೂ ಒಂದು ಚೀಟಿ ಕೊಡುತ್ತೇವೆ. ಪಾಸ್ ಎಂಬುದು ಇವತ್ತಿನ ಮಾತು. ಮೆದುಳು ಜ್ವರ, ಗರ್ಭದಲ್ಲೇ ತಗಲಿದ ಸಿಎಂವಿ ಎಂಬ ವೈರಸ್ ಸೋಂಕು, ಮನೆತನದಲ್ಲಿ ಕಿವುಡು, ಇವುಗಳಲ್ಲಿ ದೋಷ ಆಮೇಲೂ ಬರಬಹುದು. ಆರು ತಿಂಗಳಿಗೆ ಸದ್ದು ಬಂದ ಕಡೆ ತಿರುಗದಿದ್ದರೆ, ವರ್ಷಕ್ಕೆ ಹೆಸರು ಕರೆದರೆ ನೋಡದಿದ್ದರೆ, ಒಂದೂವರೆ ವರ್ಷಕ್ಕೆ ಒಂದೂ ಮಾತು ಬರದಿದ್ದರೆ, ಹುಟ್ಟಿದಾಗ ಪಾಸಾಗಿತ್ತು ಎಂದು ಕೂರಬೇಡಿ, ಕರೆದುಕೊಂಡು ಬನ್ನಿ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇವೆ.

ತಿಂಗಳ ಮೊದಲ ಶನಿವಾರ ಈಗ ಅರ್ಧ ತಾಸು ಕೂರುತ್ತೇವೆ. ಮಕ್ಕಳ ಡಾಕ್ಟರು, ಹೆರಿಗೆ ವಾರ್ಡಿನ ಸಿಸ್ಟರ್, ನಾನು, ಆರೋಗ್ಯ ಇಲಾಖೆಯಿಂದ ಒಬ್ಬರು. ಶೇಕಡಾವಾರು ಅಂಕಿಗಳನ್ನು ಒಂದು ಹಾಳೆಯಲ್ಲಿ ಬೇಗ ನೋಡಿ ಮುಗಿಸುತ್ತೇವೆ. ಉಳಿದ ಹೊತ್ತೆಲ್ಲ ಹೆಸರುಗಳಿಗೆ: ಮತ್ತೆ ಬಾರದ ಒಂದೊಂದು ಮಗುವಿನ ಹೆಸರು ಓದಿ, ಬಾಣಂತನದ ಊರು ಓದಿ, ಯಾರು ಯಾರಿಗೆ ಫೋನು ಮಾಡುತ್ತಾರೆಂದು ಅಲ್ಲೇ ಬರೆದುಕೊಳ್ಳುತ್ತೇವೆ. ಪಟ್ಟಿ ಖಾಲಿಯಾದ ತಿಂಗಳು ಇನ್ನೂ ಬಂದಿಲ್ಲ, ಆದರೆ ಅದು ಒಂದು ಪುಟದೊಳಗೆ ಹಿಡಿಯುವಷ್ಟಾಗಿದೆ.

ಪಟ್ಟಿಗೇ ಬಾರದ ಮಕ್ಕಳೂ ಇದ್ದಾರೆ. ಊರಿನಲ್ಲಿ ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ಆಗುವ ಹೆರಿಗೆಗಳು ನಮ್ಮ ಲೆಕ್ಕದ ಹೊರಗಿವೆ. ಯಂತ್ರ ಇಲ್ಲದ ಕಡೆಯವರ ಜೊತೆ ಮಾತಾಡುತ್ತಿದ್ದೇವೆ: ವಾರದಲ್ಲಿ ಎರಡು ಮಧ್ಯಾಹ್ನ ನಮ್ಮಲ್ಲಿ ಕಲಿತ ಹುಡುಗಿ ಯಂತ್ರ ತೆಗೆದುಕೊಂಡು ಹೋಗುತ್ತಾಳೆ, ಅವರು ಒಂದು ಸದ್ದಿಲ್ಲದ ಕೋಣೆ ಕೊಡಬೇಕು, ಹೆಸರುಗಳು ನಮ್ಮ ಪಟ್ಟಿಗೆ ಸೇರಬೇಕು. ಕೆಲವರು ಒಪ್ಪಿದ್ದಾರೆ. ಅವರಿಗಾಗಿ ಮಾಡಿಸಿದ ರಿಜಿಸ್ಟರಿನಲ್ಲಿ ತಾಯಿ ಕಾರ್ಡಿನ ನಂಬರಿನ ಪಕ್ಕದಲ್ಲೇ ಬಾಣಂತನದ ಕಾಲಂ ಇಟ್ಟಿದ್ದೇವೆ.